ಮೌನವ್ರತದ ಗಿಣಿ

ಒಂದು ಹೊಳೆ. ಅದರ ಹೆಸರು ಹೇಳುವ ಹಾಗಿಲ್ಲ. ಹೇಳಿದರೆ ಎರಡೂ ದಡದವರು ಈ ಕಥೆ ನಮ್ಮದು, ನಮ್ಮದು ಅಂತ ಕಿತ್ತಾಡುತ್ತಾರೆ.

ಹೊಳೆಯ ಈ ದಡದಲ್ಲಿ ಒಂದು ಆಲದ ಮರ. ಮರದ ಕೆಳಗೆ ಒಂದು ಆಶ್ರಮ. ಅದನ್ನು ಆಶ್ರಮ ಅಂತ ಕರೆಯುತ್ತಿದ್ದವರು ಇಬ್ಬರೇ, ಗುರು ಚೆಲುವಯ್ಯನವರು ಮತ್ತು ಶಿಷ್ಯ ಜವರಪ್ಪ. ಉಳಿದವರೆಲ್ಲ ಅದನ್ನು ಗುಡಿಸಲು ಅನ್ನುತ್ತಿದ್ದರು.

ಚೆಲುವಯ್ಯನವರು ಹೇಳಿಕೊಡುತ್ತಿದ್ದುದು ವೇದವಲ್ಲ, ವೇಷ. ಹಗಲುವೇಷ. ಪರದೆ ಇಲ್ಲ, ದೀಪ ಇಲ್ಲ, ರಂಗ ಇಲ್ಲ. ಸುಡು ಬಿಸಿಲಿನಲ್ಲಿ, ಜನರ ಮೂಗಿನ ತುದಿಯಲ್ಲಿ ನಿಂತು, ಬೇರೆ ಯಾರೋ ಆಗಿಬಿಡುವ ವಿದ್ಯೆ.

ಅವರು ಪೊಲೀಸ್ ದರೋಗನ ವೇಷದಲ್ಲಿ ಹೋದಾಗ ನಿಜವಾದ ದರೋಗನೇ ಎದ್ದು ಸಲಾಮು ಹೊಡೆದನಂತೆ. ಎಮ್ಮೆಯ ವೇಷದಲ್ಲಿ ನಿಂತಾಗ ಹೆಂಗಸೊಬ್ಬಳು ಹಾಲು ಕರೆಯಲು ತಂಬಿಗೆ ಹಿಡಿದು ಬಂದಳಂತೆ. ಎರಡನೆಯದನ್ನು ನಂಬದಿದ್ದರೂ ನಡೆಯುತ್ತದೆ.

ಜವರಪ್ಪ ಮೊದಲು ಎದುರು ದಡದ ಊರಿನಲ್ಲಿ ದರ್ಜಿ. ಒಂದು ದಿನ ಅವನ ಅಂಗಡಿಗೆ ಮದುಮಗಳ ತಾಯಿಯೊಬ್ಬಳು ಬಂದಳು. ಅಳತೆ ಕೊಟ್ಟಳು, ಕೂಲಿಗೆ ಚೌಕಾಸಿ ಮಾಡಿದಳು, ತೋಳು ಬಿಗಿಯಾಗಬಾರದು ಅಂತ ಮೂರು ಸಲ ಬೈದಳು. ರವಿಕೆ ತೆಗೆದುಕೊಂಡು ಹೋಗಲು ಬಂದ ದಿನ, "ಚೆನ್ನಾಗಿ ಹೊಲಿದಿದ್ದೀಯಪ್ಪ" ಅಂತ ಗಂಡಸಿನ ದನಿಯಲ್ಲಿ ಹೇಳಿ ನಕ್ಕಳು. ಅವರೇ ಚೆಲುವಯ್ಯನವರು.

ಅಳತೆ ತೆಗೆದುಕೊಂಡ ದರ್ಜಿಗೇ ಗೊತ್ತಾಗಿರಲಿಲ್ಲ. ಜವರಪ್ಪ ಕತ್ತರಿ ಕೆಳಗಿಟ್ಟವನು ಅವರ ಹಿಂದೆಯೇ ಹರಿಗೋಲು ಹತ್ತಿದ.

ಹೊಲಿಗೆಯಂತ್ರದ ಮುಂದೆ ಅವನ ಹೆಂಡತಿ ಕೆಂಪಾಜಮ್ಮ ಕೂತಳು.

ಬಣ್ಣ ಅರೆಯುತ್ತಾ, ನಾರು ಹೊಸೆಯುತ್ತಾ ಕಾಲ ಕಳೆಯಿತು. ಒಂದು ದಿನ ಜವರಪ್ಪ ಕೇಳಿಯೇಬಿಟ್ಟ.

"ಗುರುಗಳೇ, ನಾನು ವೇಷಗಾರ ಆಗೋದು ಯಾವಾಗ?"

"ನಿನ್ನನ್ನ ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಯಾರು?"

"ನೀವೇ, ಗುರುಗಳೇ."

"ಬೆಣ್ಣೆ ಹಚ್ಚಬೇಡ. ಯಾರು?"

"ಹೆಂಡತಿ."

"ವೇಷ ಕಟ್ಟಿಕೊಂಡು ಹಾಡುಹಗಲು ಆಕೆಯ ಮುಂದೆ ಹೋಗಿ ನಿಲ್ಲು. ಆಕೆ ಗುರುತು ಹಿಡಿಯಲಿಲ್ಲವೋ, ನನ್ನ ಜೊತೆ ಊರೂರು ತಿರುಗು. ಹಿಡಿದಳೋ, ವೇಷ ಅಲ್ಲೇ ಬಿಚ್ಚಿಟ್ಟು ಮನೆ ಸೇರು. ಮತ್ತೆ ಈ ಕಡೆ ತಲೆ ಹಾಕಬೇಡ."

ಜವರಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮರುದಿನವೇ ಹೊಳೆ ದಾಟಿ ಹೋಗಿ ಹೆಂಡತಿಗೆ ಎಲ್ಲವನ್ನೂ ಹೇಳಿಬಿಟ್ಟ. ಯಾವ ವೇಷ ಅನ್ನುವುದೊಂದನ್ನು ಹೇಳಲಿಲ್ಲ. ಅದು ಅವನಿಗೂ ಆಗ ಗೊತ್ತಿರಲಿಲ್ಲ.

ಸೂಜಿಗೆ ದಾರ ಪೋಣಿಸುತ್ತಿದ್ದ ಕೆಂಪಾಜಮ್ಮ ತಲೆ ಎತ್ತಿದಳು.

"ನಾನು ಕಂಡುಹಿಡಿದ್ರೆ ಮನೆಗೆ ಬಂದುಬಿಡ್ತೀರಾ?"

"ಬರಲೇಬೇಕು. ಗುರುಗಳ ಮಾತು."

"ಆಮೇಲೆ ತಪ್ಪಿಸ್ಕೊಳ್ಳೋ ಹಾಗಿಲ್ಲ."

"ಇಲ್ಲ. ಆದರೆ ಅದು ನಿನ್ನ ಕೈಲಿ ಆಗೋ ಕೆಲಸ ಅಲ್ಲ ಬಿಡು."

"ಬನ್ನಿ, ಬನ್ನಿ. ನೋಡೇಬಿಡೋಣ" ಅಂದವಳು ದಾರದ ತುದಿಯನ್ನು ಹಲ್ಲಿನಲ್ಲಿ ಕಟಕ್ಕನೆ ಕಡಿದಳು.

ಆ ಸದ್ದಿಗೆ ಜವರಪ್ಪ ಯಾಕೋ ಗಲ್ಲ ಮುಟ್ಟಿ ನೋಡಿಕೊಂಡ.

ತುಂಬಾ ಯೋಚಿಸಿ ಅವನು ಗಿಣಿಶಾಸ್ತ್ರದ ಮುದುಕನ ವೇಷ ಆರಿಸಿಕೊಂಡ. ಪಂಜರ ಹಿಡಿದು ಊರೂರು ಅಲೆಯುವ ಮುದುಕ. ಗಿಣಿ ಪಂಜರದಿಂದ ಹೊರಗೆ ಬಂದು ಒಂದು ಚೀಟಿ ಎತ್ತುತ್ತದೆ, ಮುದುಕ ಅದನ್ನು ನೋಡಿ ಭವಿಷ್ಯ ಹೇಳುತ್ತಾನೆ. ಅಂಥವನು ಯಾರ ಮನೆಯ ಮುಂದೆ ಎಷ್ಟು ಹೊತ್ತು ಕೂತರೂ ಯಾರೂ ಏಳು ಅನ್ನುವುದಿಲ್ಲ.

ಕತ್ತಾಳೆ ನಾರನ್ನು ಬೂದಿ ನೀರಿನಲ್ಲಿ ಬೇಯಿಸಿ ಬಿಳಿ ಮಾಡಿದ. ತೆಳು ಬಟ್ಟೆಯ ಮೇಲೆ ಒಂದೊಂದೇ ಎಳೆ ಗಂಟು ಹಾಕಿ ಗಡ್ಡ ಕಟ್ಟಿದ. ಗಲ್ಲದ ಒಂದು ಕಡೆ ಗಡ್ಡ ಸ್ವಲ್ಪ ತೆಳ್ಳಗಿರಲಿ ಅಂತ ಕಟ್ಟಿದ ಎಳೆಗಳನ್ನೇ ಮತ್ತೆ ಕಿತ್ತ. ಮಗ್ಗುಲಾಗಿ ಮಲಗುವ ಮುದುಕರ ಗಡ್ಡ ಹಾಗೇ ಸವೆದಿರುತ್ತದೆ ಅನ್ನುವುದು ಅವನ ವಾದ.

ಅಕ್ಕಿ ಗಂಜಿಯನ್ನು ಮುಖಕ್ಕೆ ಬಳಿದುಕೊಂಡು ಒಣಗಿಸಿ ಸುಕ್ಕು ಬರಿಸುವುದನ್ನು ಕಲಿತ. ನಗಬಾರದು, ಆಕಳಿಸಬಾರದು. ನಕ್ಕರೆ ವಯಸ್ಸು ಉದುರಿ ಮಡಿಲಿಗೆ ಬೀಳುತ್ತಿತ್ತು.

ಆದರೆ ಅವನ ಜೀವವೆಲ್ಲ ಇದ್ದದ್ದು ಗಿಣಿಯಲ್ಲಿ.

ಬೂರುಗದ ಮರದ ಹಗುರವಾದ ತುಂಡನ್ನು ಕೆತ್ತಿ ಮೈ ಮಾಡಿದ. ಆಲದ ಮರದ ಕೆಳಗೆ ಗಿಣಿಗಳು ಉದುರಿಸಿದ ಗರಿಗಳನ್ನು ಆರಿಸಿ ಒಂದರ ಮೇಲೊಂದು ಅಂಟಿಸಿದ. ಅರಗು ಕರಗಿಸಿ ಕೊಕ್ಕು ಮಾಡಿದ. ಕಣ್ಣಿಗೆ ಗುಲಗಂಜಿ. ಕುತ್ತಿಗೆಗೆ ಕಟ್ಟಿದ ದಾರ ಪಂಜರದ ತಳದಿಂದ ಹೊರಟು, ಪಂಚೆಯ ಒಳಗೆ ಹಾದು, ಅವನ ಕಾಲಿನ ಹೆಬ್ಬೆರಳಿಗೆ ಬರುತ್ತಿತ್ತು. ಹೆಬ್ಬೆರಳು ಮಡಿಚಿದರೆ ಗಿಣಿ ಹೊರಗೆ ಬಂದು ತಲೆ ಬಗ್ಗಿಸುತ್ತಿತ್ತು. ಕೊಕ್ಕಿನ ತುದಿಯಲ್ಲಿ ಚೂರು ಜೇನುಮೇಣ. ಮೇಲಿನ ಚೀಟಿ ಅದಕ್ಕೆ ಅಂಟಿಕೊಂಡು ಬರುತ್ತಿತ್ತು.

ಅದನ್ನು ಗುರುಗಳ ಮುಂದೆ ಇಟ್ಟ. ಗುರುಗಳು ಸುತ್ತ ಒಂದು ಸಲ ನಡೆದು ನೋಡಿದರು. ಒಳಗೆ ಹೋಗಿ ಹಸಿಮೆಣಸಿನಕಾಯಿ ತಂದರು. ಗಿಣಿಯ ಮುಂದೆ ಹಿಡಿದು ಕುಕ್ಕರುಗಾಲಿನಲ್ಲಿ ಕೂತರು.

ಕೂತೇ ಇದ್ದರು.

"ತಿನ್ನಲ್ಲವಲ್ಲೋ" ಅಂದರು ಕೊನೆಗೆ.

"ಮರದ ಗಿಣಿ ಗುರುಗಳೇ."

"ಅದನ್ನ ನನಗ್ಯಾಕೆ ಹೇಳಿದೆ?"

ಜವರಪ್ಪ ನಾಲಿಗೆ ಕಚ್ಚಿಕೊಂಡ. ಗುರುಗಳು ಮೆಣಸಿನಕಾಯಿಯನ್ನು ತಾವೇ ಕಚ್ಚುತ್ತಾ ಎದ್ದು ಹೋದರು.

ಇನ್ನೊಂದು ದಿನ ಕೋಲೂರಿಕೊಂಡು, ಬೆನ್ನು ಬಾಗಿಸಿಕೊಂಡು ಅಂಗಳದಲ್ಲಿ ನಡೆದು ತೋರಿಸಿದ.

"ಯಾರು ಇದು?" ಅಂದರು ಗುರುಗಳು.

"ಮುದುಕ."

"ಅಲ್ಲ. ಬೆನ್ನು ನೋವಿರೋ ಹುಡುಗ."

"ಮತ್ತೆ ಮುದುಕ ಹೇಗೆ ನಡೀತಾನೆ?"

"ಪ್ರತಿ ಹೆಜ್ಜೆಗೂ ನೆಲವನ್ನ ಒಂದು ಮಾತು ಕೇಳ್ತಾನೆ."

"ಏನಂತ?"

"ಹಿಡ್ಕೋತೀಯಾ ಅಂತ."

ಅಂದಿನಿಂದ ಜವರಪ್ಪ ಅಂಗಳವನ್ನು ಕೇಳುತ್ತಾ, ದಡದ ಮರಳನ್ನು ಕೇಳುತ್ತಾ ನಡೆದ. ನಡೆದೂ ನಡೆದೂ ಒಂದು ಸಂಜೆ ಹೊಳೆಯ ಮೆಟ್ಟಿಲಿನ ಮೇಲೆ ಅವನ ಕಾಲು ತಾನಾಗಿಯೇ ನಡುಗಿತು. ಗುರುಗಳು ನೋಡಿದರು. ಮರುದಿನ ಬೆಳಿಗ್ಗೆ ಗಂಜಿ ಕಲಸಿದ ಬಟ್ಟಲನ್ನು ತಾವೇ ತಂದು ಅವನ ಮುಂದಿಟ್ಟರು.

"ಹೋಗಿ ಬಾ."

ಹರಿಗೋಲಿನ ಅಂಬಿಗ ಜವರಪ್ಪನನ್ನು ದಿನಾ ನೋಡುವವನು. ಅವನೇ ದಡಕ್ಕಿಳಿದು ಬಂದ.

"ಹುಷಾರು ತಾತ, ಕೈ ಕೊಡಿ. ಗಿಣಿ ಜೋಪಾನ ತಾತ, ನೀರು ಕಂಡು ಹೆದರೀತು."

ಜವರಪ್ಪನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಆದರೆ ಸುಕ್ಕಿನ ಭಯಕ್ಕೆ ನಗಲಿಲ್ಲ.

ಊರಿನಲ್ಲಿ ಅವನ ಮನೆಯ ಎದುರಿನ ಜಗಲಿಯ ಮೇಲೆ ಹೊನ್ನಮ್ಮ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ಅವನ ಮದುವೆಗೆ ಸೋಬಾನೆ ಹಾಡಿದವಳು.

"ಏನ್ ತಾತ, ಗಿಣಿಶಾಸ್ತ್ರವಾ? ಬನ್ನಿ ಬನ್ನಿ. ಆ ಎದುರುಮನೆಗೆ ಮಾತ್ರ ಹೋಗ್ಬೇಡಿ ತಾತ."

"ಯಾಕಮ್ಮಾ?"

"ಆ ಕೆಂಪಾಜಿಗೆ ಗಂಡ ವೇಷ ಹಾಕ್ಕೊಂಡು ಬರ್ತಾನೆ ಅಂತ ಹುಚ್ಚು. ಕಂಡಕಂಡೋರ ಗಡ್ಡಕ್ಕೆ ಕೈ ಹಾಕ್ತಾಳೆ. ಮೊನ್ನೆ ಒಬ್ಬ ದಾಸಯ್ಯ ಬಂದಿದ್ದ. ಪಾಪ, ನಿಜವಾದ ಗಡ್ಡ. ಶಂಖ ಇಲ್ಲೇ ಬಿಟ್ಟು ಓಡಿದ. ಪಾತ್ರೆ ಮಾರೋನ ಮೀಸೆ ಎಳೆದು ನೋಡಿದ್ಲು. ಅವನು ಈಗ ಊರಿನ ಆ ಕೊನೇಲೇ ನಿಂತು ಕೂಗ್ತಾನೆ."

ಜವರಪ್ಪನ ಗಡ್ಡ ಗಾಳಿಯಿಲ್ಲದೆ ಅಲುಗಿತು.

ಆದರೂ ತಿರುಗಿದ. ನೆಲವನ್ನು ಕೇಳಿ ಕೇಳಿ ನಡೆದ. ತನ್ನ ಮನೆಯ ಬಾಗಿಲಲ್ಲಿ ನಿಂತು ಕೂಗಿದ.

"ಗಿಣಿಶಾಸ್ತ್ರ ಕೇಳ್ತೀಯಾ ತಾಯೀ..."

ಒಳಗೆ ಹೊಲಿಗೆಯಂತ್ರದ ಸದ್ದು ನಿಂತಿತು. ಕೆಂಪಾಜಮ್ಮ ಹೊರಗೆ ಬಂದಳು. ಕೊರಳಲ್ಲಿ ಅವನದೇ ಅಳತೆ ಟೇಪು.

ಅವಳ ಕಣ್ಣು ಮೊದಲು ಗಿಣಿಯ ಮೇಲೆ ಹೋಯಿತು. ಅಲ್ಲಿಂದ ಪಾದಕ್ಕೆ ಇಳಿಯಿತು. ಪಾದದಿಂದ ಗಡ್ಡಕ್ಕೆ ಏರಿ ಅಲ್ಲೇ ನಿಂತಿತು. ಕೈ ಮೇಲೆದ್ದಿತು.

ಮುಗಿಯಿತು ಅಂತ ಜವರಪ್ಪ ಕಣ್ಣು ಮುಚ್ಚಿದ.

ಏನೂ ಆಗಲಿಲ್ಲ. ಕಣ್ಣು ಬಿಟ್ಟರೆ, ಅವಳು ಕೊರಳಿನ ಟೇಪು ತೆಗೆದು ಮಡಿಚುತ್ತಿದ್ದಳು. ನಿಧಾನವಾಗಿ, ಬಹಳ ಅಚ್ಚುಕಟ್ಟಾಗಿ.

"ಬಿಸಿಲಲ್ಲಿ ನಿಂತಿದ್ದೀರಿ" ಅಂದಳು. "ಜಗಲಿ ಮೇಲೆ ಕೂತ್ಕೊಳ್ಳಿ."

ಎದುರು ಜಗಲಿಯಿಂದ ಹೊನ್ನಮ್ಮ ಕೂಗಿದಳು, "ಕೆಂಪಾಜೀ, ತಾತನ ಗಡ್ಡ ಎಳೆದು ನೋಡಲ್ವೇನೇ?"

"ಸುಮ್ನಿರಕ್ಕ. ವಯಸ್ಸಾದೋರು."

ಜವರಪ್ಪನ ಎದೆ ಉಬ್ಬಿತು. ಉಬ್ಬಿದ ಎದೆ ಮುದುಕನದಲ್ಲ ಅಂತ ನೆನಪಾಗಿ ಮತ್ತೆ ತಗ್ಗಿಸಿದ.

ಅವಳು ಮಜ್ಜಿಗೆ ತಂದುಕೊಟ್ಟಳು. ಅವನು ಮುದುಕನ ಹಾಗೆ ಸೊರ ಸೊರ ಕುಡಿದ. ಎರಡು ತೊಟ್ಟು ಗಡ್ಡದ ಮೇಲೆ ಚೆಲ್ಲಿಕೊಂಡ. ಅದನ್ನೂ ಅಭ್ಯಾಸ ಮಾಡಿದ್ದ.

"ನಿಮ್ಮ ಗಿಣಿ ಯಾಕೆ ಮಾತಾಡಲ್ಲ?"

"ಮೌನವ್ರತ ತಾಯಿ."

"ಯಾವಾಗಿನಿಂದ?"

"ಹುಟ್ಟಿದಾಗಿನಿಂದ."

ಕೆಂಪಾಜಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ತಲೆ ತಗ್ಗಿಸಿದಳು. ಅವಳ ಭುಜ ಅಲುಗುತ್ತಿತ್ತು. ಎಂಥ ಭಕ್ತಿ ಅಂದುಕೊಂಡ ಜವರಪ್ಪ.

"ಏನು ಕೇಳಬೇಕು ತಾಯಿ, ಗಿಣಿ ಹತ್ತಿರ?"

ಗಂಡ ಯಾವಾಗ ಬರುತ್ತಾನೆ ಅಂತ ಅವಳು ಕೇಳುತ್ತಾಳೆ ಅಂತ ಅವನು ಲೆಕ್ಕ ಹಾಕಿದ್ದ. ಆ ಪ್ರಶ್ನೆಗೆ ಉತ್ತರವನ್ನು ನಡುಗುವ ದನಿಯಲ್ಲಿ, ಕೆಮ್ಮಿನ ಸಮೇತ, ಕಂಠಪಾಠ ಮಾಡಿಕೊಂಡಿದ್ದ. ಬೇಕಾದ ಚೀಟಿಯನ್ನು ಎಲ್ಲಕ್ಕಿಂತ ಮೇಲೆ ಇಟ್ಟಿದ್ದ. ಒಂದು ಮನೆ, ಮನೆಯ ಮುಂದೊಂದು ದೀಪ. ಅವನೇ ಬರೆದ ಚಿತ್ರ.

ಕೆಂಪಾಜಮ್ಮ ಸೆರಗು ಇಳಿಸಿದಳು. ಮುಖದಲ್ಲಿ ನಗು ಇರಲಿಲ್ಲ.

"ನಮ್ಮನೆಯವರು ಹೊಳೆ ದಾಟಿ ಹೋಗಿದ್ದಾರೆ. ಅವರು ಅಲ್ಲಿ ಖುಷಿಯಾಗಿದ್ದಾರಾ? ಅದನ್ನ ಕೇಳಿ."

ಜವರಪ್ಪನಿಗೆ ಕೆಮ್ಮು ಮರೆತುಹೋಯಿತು.

ಹೆಬ್ಬೆರಳು ಮಡಿಚಿದ. ಗಿಣಿ ಬರಲಿಲ್ಲ. ಇನ್ನೊಮ್ಮೆ ಎಳೆದ. ಪಂಜರವೇ ಒಂದು ಗೇಣು ಜರುಗಿತು. ದಾರ ಎಲ್ಲೋ ಸಿಕ್ಕಿಕೊಂಡಿತ್ತು. ಬೆವರು ಇಳಿಯಿತು. ಕೆನ್ನೆಯ ಮೇಲೆ ಒಂದು ಸುಕ್ಕು ಮೆಲ್ಲಗೆ ಏಳತೊಡಗಿತು.

"ಪಾಪ, ಅದಕ್ಕೂ ಬಿಸಿಲು" ಅಂದಳು ಕೆಂಪಾಜಮ್ಮ. ಬಗ್ಗಿ ಪಂಜರವನ್ನು ನೆರಳಿನ ಕಡೆಗೆ ಸ್ವಲ್ಪ ತಿರುಗಿಸಿದಳು.

ಗಿಣಿ ಟಣ್ಣನೆ ಹೊರಗೆ ಹಾರಿತು. ತಲೆ ಬಗ್ಗಿಸಿ ಚೀಟಿ ಎತ್ತಿತು. ಮನೆ, ದೀಪ.

ಜವರಪ್ಪ ಚೀಟಿ ನೋಡಿದ. ಅದರಲ್ಲಿ ಅವಳ ಪ್ರಶ್ನೆಗೆ ಉತ್ತರ ಇರಲಿಲ್ಲ. ಸುಳ್ಳು ಹೇಳಬಹುದಿತ್ತು. ಆದರೆ ಮುದುಕನ ಬಾಯಿಂದ ನಿಜ ಬಂದುಬಿಟ್ಟಿತು.

"ಇದ್ದಾನೆ ತಾಯಿ. ಬಹಳ ಖುಷಿಯಾಗಿದ್ದಾನೆ."

"ಇಲ್ಲಿ ಇದ್ದದ್ದಕ್ಕಿಂತಲೂನಾ?"

ಗಿಣಿ ತಲೆ ಆಡಿಸಿತು. ಹೌದು ಅಂತಲೋ, ಅಲ್ಲ ಅಂತಲೋ, ಜವರಪ್ಪನ ಹೆಬ್ಬೆರಳಿಗೇ ಗೊತ್ತಿರಲಿಲ್ಲ.

ಕೆಂಪಾಜಮ್ಮ ಸ್ವಲ್ಪ ಹೊತ್ತು ಗಿಣಿಯನ್ನೇ ನೋಡಿದಳು.

"ಸರಿ ಹಾಗಾದರೆ" ಅಂದಳು.

ಒಳಗೆ ಹೋಗಿ ಮೊರದ ತುಂಬ ರಾಗಿ ತಂದು ಅವನ ಜೋಳಿಗೆಗೆ ಸುರಿದಳು.

"ನಿಧಾನವಾಗಿ ಹೋಗಿ. ಕತ್ತಲಾಗೋದ್ರೊಳಗೆ ಹೊಳೆ ದಾಟಿಬಿಡಿ."

ಬೀದಿಯ ತಿರುವಿನವರೆಗೆ ಜವರಪ್ಪ ಮುದುಕನಾಗಿದ್ದ. ತಿರುವು ದಾಟಿದ ಮೇಲೆ ಕೋಲನ್ನು ಹೆಗಲಿಗೇರಿಸಿ, ಪಂಜರವನ್ನು ಎದೆಗವಚಿಕೊಂಡು ಓಡಿದ.

"ಬರೋವಾಗ ಕೋಲೂರ್ಕೊಂಡು ಬಂದ್ರಲ್ಲ ತಾತ!" ಅಂದ ಅಂಬಿಗ ಕಣ್ಣರಳಿಸಿ.

"ಮಜ್ಜಿಗೆ ಕುಡಿದೆ ಕಣಪ್ಪ" ಅಂದ ಜವರಪ್ಪ.

ಗುರುಗಳು ಹೊಳೆಯ ಮೆಟ್ಟಿಲಿನ ಮೇಲೆ ಕೂತು ಕಲ್ಲಿನಲ್ಲಿ ಬಣ್ಣ ಅರೆಯುತ್ತಿದ್ದರು. ಜವರಪ್ಪ ಹರಿಗೋಲಿನಿಂದಲೇ ಕೂಗಿದ.

"ಗೆದ್ದೆ ಗುರುಗಳೇ!"

ಮೆಟ್ಟಿಲಿನ ಮೇಲೆ ಕೂತು ಒಂದನ್ನೂ ಬಿಡದೆ ಹೇಳಿದ. ದಾಸಯ್ಯನ ಶಂಖ ಹೇಳಿದ. ಮೇಲೆದ್ದ ಕೈ ಹೇಳಿದ, ಮಜ್ಜಿಗೆ ಹೇಳಿದ, ಸಿಕ್ಕಿಕೊಂಡ ದಾರ ಹೇಳಿದ, ಅವಳು ಕೇಳಿದ ಪ್ರಶ್ನೆಯನ್ನೂ ತಾನು ಕೊಟ್ಟ ಉತ್ತರವನ್ನೂ ಹೇಳಿದ. ಗುರುಗಳು ಅರೆಯುತ್ತಲೇ ಇದ್ದರು.

"ಅಂಬಿಗ ನಿನ್ನನ್ನ ಏನಂದ?"

"ತಾತ ಅಂದ."

"ಎದುರುಮನೆಯಾಕೆ?"

"ಬಾಯಿ ತೆಗೆದರೆ ತಾತ, ತಾತ."

"ನಿನ್ನ ಹೆಂಡತಿ?"

"ಅವಳೂ..."

ಜವರಪ್ಪ ನಿಲ್ಲಿಸಿದ. ಮೊದಲಿನಿಂದ ನೆನಪು ಮಾಡಿಕೊಂಡ. ಬಾಗಿಲು, ಜಗಲಿ, ಮಜ್ಜಿಗೆ, ರಾಗಿ.

"ಅವಳು ಏನೂ ಅನ್ನಲಿಲ್ಲ ಗುರುಗಳೇ. ಕೂತ್ಕೊಳ್ಳಿ ಅಂದ್ಲು. ಕೇಳಿ ಅಂದ್ಲು. ಹೋಗಿ ಅಂದ್ಲು. ಅಷ್ಟೇ."

ಗುರುಗಳ ಕೈಯಲ್ಲಿ ಕಲ್ಲು ನಿಂತಿತು.

"ಹಳ್ಳಿ ಹೆಣ್ಣುಮಗಳು. ಬಾಗಿಲಿಗೆ ಬಂದ ಮುದುಕನನ್ನ ತಾತ ಅನ್ನಲಿಲ್ಲ. ಅಪ್ಪಾ ಅನ್ನಲಿಲ್ಲ. ಅಣ್ಣ ಅಂತಲೂ ಅನ್ನಲಿಲ್ಲ."

"ಮರೆತಿರಬಹುದು."

"ನೀನು ಆಕೆಯನ್ನ ಏನಂದೆ?"

"ತಾಯಿ ಅಂದೆ." ಅವನಿಗೆ ನಾಚಿಕೆಯಾಯಿತು. "ವೇಷ ಅಲ್ವಾ ಗುರುಗಳೇ."

"ನೀನು ಗಡ್ಡ ಕಟ್ಟಿದ್ದೆ, ನಾಲಿಗೆ ಹೊರಳಿತು. ಆಕೆ ಏನೂ ಕಟ್ಟಿಕೊಂಡಿರಲಿಲ್ಲವಲ್ಲೋ. ಕಟ್ಟಿಕೊಂಡ ಗಂಡನನ್ನ ತಾತ ಅಂತ ಹೇಗೆ ಕರೀತಾಳೆ?"

ಹೊಳೆ ಹರಿಯುತ್ತಿತ್ತು. ಉಳಿದಿದ್ದ ಸುಕ್ಕುಗಳು ಒಂದೊಂದಾಗಿ ಬಿರಿದು ಜವರಪ್ಪನ ಕೆನ್ನೆಯಿಂದ ಉದುರಿದವು. ಅವನು ಒರೆಸಿಕೊಳ್ಳಲಿಲ್ಲ.

"ಒಂದು ಮಾತು ಅಂದಿದ್ದರೆ ಸಾಕಿತ್ತು" ಅಂದ ಕೊನೆಗೆ. "ನೀವೇ ಅಲ್ವಾ ಅಂದಿದ್ದರೆ ನಾನು ಗಡ್ಡ ಬಿಚ್ಚಿ ಒಳಗೆ ಹೋಗಬೇಕಿತ್ತು. ಅವಳಿಗೆ ಬೇಕಾಗಿದ್ದೂ ಅದೇ. ಅದಕ್ಕೇ ಕಂಡೋರ ಗಡ್ಡ ಎಳೀತಿದ್ದಳು."

"ಹೌದು."

"ಮತ್ತೆ ಯಾಕೆ ಅನ್ನಲಿಲ್ಲ ಗುರುಗಳೇ?"

"ಆಕೆ ಗಿಣಿಯನ್ನ ಏನು ಕೇಳಿದಳು ಅಂದೆ?"

ಜವರಪ್ಪ ಗಡ್ಡದ ಗಂಟಿಗೆ ಕೈ ಹಾಕಿದ. ಬೆರಳುಗಳು ಗಂಟು ಬಿಚ್ಚುವುದನ್ನೇ ಮರೆತಿದ್ದವು. ಗುರುಗಳೇ ಬಗ್ಗಿ ಬಿಚ್ಚಿಕೊಟ್ಟರು.

"ಹಾಗಾದರೆ ನಾನು ಗೆದ್ದೆನಾ ಗುರುಗಳೇ, ಸೋತೆನಾ? ನಿಮ್ಮ ಜೊತೆ ಬರಲಾ, ಬೇಡವಾ?"

ಗುರುಗಳು ಎದ್ದು ನಿಂತರು. ದಡ ಬಿಡುತ್ತಿದ್ದ ಅಂಬಿಗನಿಗೆ ಕೈ ಬೀಸಿ ಹರಿಗೋಲು ನಿಲ್ಲಿಸಿದರು.

"ಅದನ್ನ ಆಮೇಲೆ ನೋಡೋಣ. ಮೊದಲು ಹರಿಗೋಲು ಹತ್ತು. ಪಾಪ, ಆಕೆ ಇನ್ನೂ ಗುರುತು ಹಿಡಿಯದವಳ ವೇಷ ಕಳಚದೆ ಕೂತಿದ್ದಾಳೆ."